ಕೋಳಿಯ ಒಡಲಿನಲ್ಲಿ ಬೇಸಗೆ

ನಂದಿಬೆಟ್ಟದ ಸಾಲು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟುವುದು ಇಲ್ಲಿಯೇ. ಆದರೂ ವರ್ಷವಿಡೀ ನೀರು ಹರಿಯುವ ಹೊಳೆ ಈ ನಾಡಿನಲ್ಲಿ ಒಂದೂ ಇಲ್ಲ. ತವರಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಪರನಾಡಿನ ಮನೆಗಳನ್ನು ಬೆಳಗುವಂತೆ ಈ ನದಿಗಳು ನೆರೆನಾಡುಗಳನ್ನು ಸೇರಿ ಅಲ್ಲಿ ಹೊಳೆಯೆನಿಸುತ್ತವೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ರೈತನಿಗೆ ಆಸರೆಯಾಗಿರುವುದು ಮಳೆ, ಕೆರೆ ಮತ್ತು ಆಳಕ್ಕೆ ಕೊರೆದ ಕೊಳವೆ ಬಾವಿ. ರಾಗಿ, ನೆಲಗಡಲೆಗಳನ್ನು ಮಾತ್ರ ನಂಬಿದರೆ ಸಂಸಾರ ಸಾಗದು. ಆದುದರಿಂದಲೇ ಇಲ್ಲಿಯ ಜನ ಹೊಲದ ಜೊತೆಗೆ ಮತ್ತೊಂದು ಕಸುಬನ್ನು ಕಟ್ಟಿಕೊಂಡಿದ್ದಾರೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಹುಳು ಮನೆಯೊಳಗೇ ಬೆಳೆಯುತ್ತದೆ. ಚಿಂತಾಮಣಿಯ ಹಳ್ಳಿಗಳಲ್ಲಿ ಹಸು ಹಟ್ಟಿಯ ಲಕ್ಷ್ಮಿಯಾಗಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಹೊಲದ ಅಂಚಿನಲ್ಲಿ ಅಲ್ಲಲ್ಲಿ ಉದ್ದನೆಯ ಕೋಳಿ ಮನೆಗಳು ಕಾಣುತ್ತವೆ. ಇವು ಜೀವಂತ ಪ್ರಾಣಿಯನ್ನು ನಂಬಿದ ಕಸುಬುಗಳು. ಬೇಸಗೆ ಬಂದರೆ ರೈತನಿಗೆ ಹೊಲದ ಚಿಂತೆಯೊಡನೆ ಈ ಜೀವಗಳ ಚಿಂತೆಯೂ ಸೇರಿಕೊಳ್ಳುತ್ತದೆ.

ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಗೌರಿಬಿದನೂರಿನ ಕಡೆಯ ಒಂದು ಕೋಳಿ ಮನೆಯ ಬಾಗಿಲಲ್ಲಿ ನಿಂತು ನೋಡಬೇಕು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಗೌರಿಬಿದನೂರಿನ ಎತ್ತರ ಸುಮಾರು 700 ಮೀಟರ್. ತಗ್ಗಿನ ನೆಲವಾದ್ದರಿಂದ ಅಲ್ಲಿ ಬಿಸಿಲು ಇನ್ನಷ್ಟು ಚುರುಕು. ತಗಡಿನ ಮಾಡು ಕಾದು ಹೆಂಚಿನಂತಾಗಿದೆ. ಬೆಳಗ್ಗೆ ಗಲಗಲ ಎನ್ನುತ್ತಿದ್ದ ಮನೆಯಲ್ಲಿ ಈಗ ಕೂಗಾಟವಿಲ್ಲ. ಸಾವಿರಾರು ಕೊಕ್ಕುಗಳಿಂದ ಹೊರಡುವ ಏದುಸಿರಿನ ಸದ್ದು ಮಾತ್ರ ಇದೆ. ಕೋಳಿಗಳು ರೆಕ್ಕೆಗಳನ್ನು ಮೈಯಿಂದ ದೂರ ಜೋಲುಬಿಟ್ಟು, ಕೊಕ್ಕು ತೆರೆದು, ಗಂಟಲನ್ನು ಅದುರಿಸುತ್ತ, ಭತ್ತದ ಹೊಟ್ಟಿನ ಮೇಲೆ ಮಲಗಿವೆ. ತಟ್ಟೆಯಲ್ಲಿ ಮೇವು ಹಾಗೆಯೇ ಇದೆ; ನೀರಿನ ಬಟ್ಟಲ ಸುತ್ತ ಮಾತ್ರ ನೂಕುನುಗ್ಗಲು. ಮರಿ ತಂದು ಐದು ವಾರಗಳಾಗಿವೆ. ಇನ್ನೊಂದು ವಾರ ಕಳೆದರೆ ತೂಕಕ್ಕೆ ಹೋಗಬೇಕು. ಇಂದಿನ ಸಂಜೆಯೊಳಗೆ ಎಷ್ಟು ಕೋಳಿಗಳು ಉಳಿಯುತ್ತವೆಯೋ ಅಷ್ಟೇ ಆ ಮನೆಯ ಎರಡು ತಿಂಗಳ ದುಡಿಮೆಯ ಫಲ.

ಕೋಳಿ ಹೀಗೇಕೆ ಬಳಲುತ್ತದೆ? ಮನುಷ್ಯನ ದೇಹದ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್. ಕೋಳಿಯದು 41ರಿಂದ 42 ಡಿಗ್ರಿ. ಅದು 46–47 ಡಿಗ್ರಿಯನ್ನು ಮುಟ್ಟಿದರೆ ಪ್ರಾಣ ಉಳಿಯುವುದು ಕಷ್ಟ. ಬಾಳಿಗೂ ಸಾವಿಗೂ ನಡುವಣ ಅಂತರ ಐದೇ ಡಿಗ್ರಿ. ಮನುಷ್ಯ ಬೆವರುತ್ತಾನೆ, ಬೆವರು ಆರುವಾಗ ಮೈಯ ಶಾಖವನ್ನು ಒಯ್ಯುತ್ತದೆ. ಕೋಳಿಗೆ ಬೆವರಿಲ್ಲ, ಅದರ ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಮೇಲಾಗಿ ಚಳಿಗಾಲಕ್ಕೆಂದು ಹೊದ್ದ ಕಂಬಳಿಯಂಥ ಪುಕ್ಕವನ್ನು ಅದು ಬೇಸಗೆಯಲ್ಲಿ ತೆಗೆದಿಡಲಾರದು. ಅದಕ್ಕಿರುವ ದಾರಿ ಎಂದರೆ ಬೇಗ ಬೇಗ ಉಸಿರಾಡಿ ಗಂಟಲಿನ ಮತ್ತು ಶ್ವಾಸನಾಳದ ತೇವವನ್ನು ಆವಿಯಾಗಿಸುವುದು. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ತತ್ತ್ವದಿಂದ.

ಈ ದಾರಿಗೆ ತೆರಬೇಕಾದ ಬೆಲೆಯೂ ಉಂಟು. ಏದುಸಿರು ಬಿಡುವಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ರಕ್ತದ ಕ್ಷಾರಗುಣ ಹೆಚ್ಚುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆದದ್ದು. ಅದರಲ್ಲಿ ಕಾರ್ಬೊನೇಟ್ ಅಂಶವನ್ನು ಒದಗಿಸಬೇಕಾದ ವಸ್ತು ಉಸಿರಿನೊಂದಿಗೆ ಪೋಲಾಗುವುದರಿಂದ ಬೇಸಗೆಯ ಮೊಟ್ಟೆಗಳ ಚಿಪ್ಪು ತೆಳುವಾಗುತ್ತದೆ. ಅಂಗಡಿಗೆ ಸಾಗಿಸುವಾಗ ಒಡೆಯುವ ಮೊಟ್ಟೆಯ ಹಿಂದೆ ಏದುಸಿರಿನ ಒಂದು ಮಧ್ಯಾಹ್ನ ಅಡಗಿದೆ.

ಇಷ್ಟು ಕಣ್ಣಿಗೆ ಕಾಣುವ ಸಂಗತಿ. ಅದೇ ಊರಿನ ಹೊಂಗೆಯ ಮರದಡಿಯಲ್ಲಿ ನಾಟಿ ಕೋಳಿಯೊಂದು ಮಣ್ಣು ಕೆದರಿ ಗುಳಿ ಮಾಡಿಕೊಂಡು, ಅದರಲ್ಲಿ ಮೈ ಹೊರಳಿಸಿ, ಸಂಜೆಯಾದೊಡನೆ ಎದ್ದು ಮರಿಗಳನ್ನು ಕರೆಯುತ್ತ ಹೊರಡುತ್ತದೆ. ಒಂದೇ ಬಿಸಿಲು, ಒಂದೇ ಜಾತಿಯ ಹಕ್ಕಿ. ಒಂದು ಕುಸಿದರೆ ಇನ್ನೊಂದು ತಾಳಿಕೊಳ್ಳುತ್ತದೆ. ನೆರಳನ್ನು ಅರಸುವ ಸ್ವಾತಂತ್ರ್ಯ ಇದಕ್ಕೆ ಒಂದು ಕಾರಣ. ಉಳಿದ ಕಾರಣವನ್ನು ತಿಳಿಯಬೇಕಾದರೆ ಕೋಳಿಯ ಜೀವಕೋಶದ ಒಳಗೆ ಇಣುಕಿ ನೋಡಬೇಕು.

ಪ್ರತಿಯೊಂದು ಜೀವಕೋಶದಲ್ಲಿಯೂ ವರ್ಣತಂತುಗಳಿವೆ. ಕೋಳಿಗೆ ಇವು 39 ಜೊತೆ. ತಾಯಿತಂದೆಗಳಿಂದ ಬಂದ ಗುಣಗಳ ಬರಹ ಇವುಗಳಲ್ಲಿದೆ. ಆ ಬರಹದ ಒಂದೊಂದು ಭಾಗವನ್ನು ಜೀನು ಎನ್ನುತ್ತಾರೆ. ವಂಶವಾಹಿ ಎಂದರೂ ಅದೇ. ಸಾಕು ಕೋಳಿಗಳ ಮೂಲವೆನಿಸಿದ ಕೆಂಪು ಕಾಡುಕೋಳಿಯ ಪೂರ್ಣ ಬರಹವನ್ನು ವಿಜ್ಞಾನಿಗಳು 2004ರಲ್ಲಿ ಓದಿ ಪ್ರಕಟಿಸಿದರು. ಅದು ಸುಮಾರು 100 ಕೋಟಿ ಅಕ್ಷರಗಳ ಗ್ರಂಥ. ಹೀಗೆ ಓದಲ್ಪಟ್ಟ ಮೊದಲ ಹಕ್ಕಿ ಕೋಳಿಯೇ.

ಆದರೆ ಗ್ರಂಥವಿರುವುದು ಬೇರೆ, ಅದನ್ನು ತೆರೆದು ಓದುವುದು ಬೇರೆ. ಹಿಂದಿನ ಕಾಲದ ಶಾನುಭೋಗರ ದಫ್ತರವನ್ನು ನೆನೆಯಬಹುದು. ಊರಿನ ಎಲ್ಲ ಜಮೀನಿನ ಲೆಕ್ಕವೂ ಆ ಗಂಟಿನಲ್ಲಿರುತ್ತಿತ್ತು. ಯಾವ ಕೆಲಸಕ್ಕೆ ಯಾವುದು ಬೇಕೋ ಆ ಹಾಳೆಯನ್ನು ಮಾತ್ರ ಬಿಚ್ಚಿ, ಅದರ ನಕಲನ್ನು ಬರೆದುಕೊಡುತ್ತಿದ್ದರು. ಮೂಲ ಕಡತ ಅಲ್ಲಿಯೇ ಉಳಿಯುತ್ತಿತ್ತು. ನಕಲು ಹೊರಗೆ ಹೋಗಿ ಕೆಲಸ ಮಾಡುತ್ತಿತ್ತು. ಜೀವಕೋಶದಲ್ಲಿ ನಡೆಯುವುದೂ ಇದೇ. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರುವ ದಫ್ತರ ಒಂದೇ. ತೆರೆಯುವ ಹಾಳೆಗಳು ಬೇರೆ. ತೆರೆದ ಹಾಳೆಯಿಂದ ನಕಲು ಸಿದ್ಧವಾಗುತ್ತದೆ. ನಕಲನ್ನು ಅನುಸರಿಸಿ ಪ್ರೋಟೀನು ತಯಾರಾಗುತ್ತದೆ. ಹೀಗೆ ಬರಹದಲ್ಲಿರುವುದು ಕಾರ್ಯರೂಪಕ್ಕೆ ಇಳಿಯುವುದನ್ನು ಜೀನಿನ ಅಭಿವ್ಯಕ್ತಿ ಎಂದು ಕರೆಯುತ್ತಾರೆ. ಜೀನುಗಳು ಸದಾ ಒಂದೇ ರೀತಿ ದುಡಿಯದೆ ಸಂದರ್ಭಕ್ಕೆ ತಕ್ಕಂತೆ ಎಚ್ಚರಗೊಳ್ಳುತ್ತವೆ, ಮಲಗುತ್ತವೆ ಎಂಬುದನ್ನು ಫ್ರಾನ್ಸಿನ ಜಾಕೋಬ್ ಮತ್ತು ಮೊನೋ 1961ರಲ್ಲಿ ಬ್ಯಾಕ್ಟೀರಿಯಾಗಳ ಅಧ್ಯಯನದಿಂದ ವಿವರಿಸಿದರು. 1965ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಬಿಸಿ ತಗಲಿದಾಗ ಯಾವ ಹಾಳೆ ತೆರೆಯುತ್ತದೆ? ಇದರ ಸುಳಿವು ಸಿಕ್ಕಿದ್ದು ಒಂದು ಆಕಸ್ಮಿಕದಿಂದ. ಇಟಲಿಯ ಫೆರುಚ್ಚೊ ರಿಟೋಸ್ಸಾ ಹಣ್ಣಿನ ನೊಣದ ವರ್ಣತಂತುಗಳನ್ನು ಪರೀಕ್ಷಿಸುತ್ತಿದ್ದರು. ಪ್ರಯೋಗಶಾಲೆಯಲ್ಲಿ ಯಾರೋ ಕಾವುಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ಮರಳಿ ಬಂದು ನೋಡಿದರೆ ವರ್ಣತಂತುಗಳ ಮೇಲೆ ಹಿಂದೆ ಕಾಣದಿದ್ದ ಕಡೆಗಳಲ್ಲಿ ಉಬ್ಬುಗಳು ಎದ್ದಿದ್ದವು. ಉಬ್ಬಿದ ಜಾಗವೆಂದರೆ ಜೀನು ಬಿಚ್ಚಿಕೊಂಡ ಜಾಗ. ಕೆಟ್ಟುಹೋದ ಪ್ರಯೋಗವೆಂದು ಅವರು ಅದನ್ನು ಎಸೆಯಲಿಲ್ಲ. 1962ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. 1974ರಲ್ಲಿ ಆಲ್ಫ್ರೆಡ್ ಟಿಸಿಯೇರ್ ಮತ್ತು ಅವರ ಸಂಗಡಿಗರು, ಆಗ ತಯಾರಾಗುವ ಪ್ರೋಟೀನುಗಳನ್ನು ಗುರುತಿಸಿದರು. 1978ರಲ್ಲಿ ಅಮೆರಿಕದ ಕೆಲಿ ಮತ್ತು ಶ್ಲೆಸಿಂಗರ್ ಕೋಳಿಯ ಭ್ರೂಣದ ಕೋಶಗಳಿಗೆ ಬಿಸಿ ತಗಲಿಸಿ, ಅಲ್ಲಿಯೂ ಇಂಥವೇ ಪ್ರೋಟೀನುಗಳು ಹುಟ್ಟುವುದನ್ನು ತೋರಿಸಿದರು. ನೊಣಕ್ಕೂ ಕೋಳಿಗೂ ಎಷ್ಟು ದೂರ! ಆದರೂ ಸಂಕಟದ ವೇಳೆಯಲ್ಲಿ ಎರಡೂ ಒಂದೇ ಬಗೆಯ ಹಾಳೆಯನ್ನು ತೆರೆಯುತ್ತವೆ. ರೇಷ್ಮೆ ಹುಳುವಿನಲ್ಲಿ, ಗಿಡದಲ್ಲಿ, ಮನುಷ್ಯನಲ್ಲಿ ಕೂಡ ಈ ಏರ್ಪಾಡು ಇದೆ.

ಈ ಪ್ರೋಟೀನುಗಳನ್ನು ಶಾಖಾಘಾತ ಪ್ರೋಟೀನುಗಳು ಎನ್ನುತ್ತಾರೆ. ಅವುಗಳ ಕೆಲಸ ತಿಳಿಯಲು ಅಡುಗೆಮನೆಯ ಮೊಟ್ಟೆಯೇ ಸಾಕು. ಹಸಿಮೊಟ್ಟೆಯ ಬಿಳಿಯ ಭಾಗ ತಿಳಿಯಾದ ದ್ರವ. ಬೇಯಿಸಿದರೆ ಗಟ್ಟಿಯಾಗುತ್ತದೆ; ಆರಿದ ಮೇಲೆ ಮತ್ತೆ ದ್ರವವಾಗದು. ಪ್ರೋಟೀನು ಎಂದರೆ ಗೊತ್ತಾದ ರೀತಿಯಲ್ಲಿ ಮಡಿಸಿಟ್ಟ ಉದ್ದನೆಯ ಎಳೆ. ಬಿಸಿಯಿಂದ ಮಡಿಕೆ ಸಡಿಲುತ್ತದೆ. ಎಳೆಗಳು ಒಂದಕ್ಕೊಂದು ಸಿಕ್ಕುಬೀಳುತ್ತವೆ. ಜೀವಂತ ಕೋಳಿಯ ಒಡಲು ಬೇಯುವಷ್ಟು ಕಾಯುವುದಿಲ್ಲ ನಿಜ. ಆದರೆ ನಾಲ್ಕಾರು ಡಿಗ್ರಿ ಏರಿದರೂ ನಾಜೂಕಾದ ಪ್ರೋಟೀನುಗಳ ಮಡಿಕೆ ಸಡಿಲಾಗತೊಡಗುತ್ತದೆ. ಶಿಡ್ಲಘಟ್ಟದ ನೂಲು ಬಿಚ್ಚುವವರು ಬಿಸಿನೀರಿನ ಗೂಡುಗಳಿಂದ ಎಳೆಯ ತುದಿಯನ್ನು ಹುಡುಕಿ, ಸಿಕ್ಕಾಗದಂತೆ ಹಿಡಿದು ಸುತ್ತುವಂತೆ, ಶಾಖಾಘಾತ ಪ್ರೋಟೀನು ಸಡಿಲಗೊಂಡ ಎಳೆಯನ್ನು ಹಿಡಿದುಕೊಂಡು, ಸಿಕ್ಕಾಗದಂತೆ ಕಾಪಾಡಿ, ಸರಿಯಾಗಿ ಮಡಿಕೆಗೊಳ್ಳಲು ನೆರವಾಗುತ್ತದೆ. ಇವುಗಳಲ್ಲಿ ಮುಖ್ಯವಾದುದನ್ನು ಅದರ ಅಣುತೂಕದ ಸಾವಿರದ ಲೆಕ್ಕದಿಂದ ‘70’ ಎಂಬ ಅಂಕದಿಂದ ಗುರುತಿಸುತ್ತಾರೆ.

ಈ ಹಾಳೆಯನ್ನು ತೆರೆಯುವ ವ್ಯವಸ್ಥೆ ಬಹು ಸೊಗಸಾದುದು. ಅದಕ್ಕೆ ಕಾವಲಿನಂಥ ಒಂದು ಪ್ರೋಟೀನು ಇದೆ. ನೆಮ್ಮದಿಯ ಹೊತ್ತಿನಲ್ಲಿ ಶಾಖಾಘಾತ ಪ್ರೋಟೀನುಗಳೇ ಅದನ್ನು ಹಿಡಿದಿಟ್ಟಿರುತ್ತವೆ. ಬಿಸಿ ಏರಿ ಎಳೆಗಳು ಸಡಿಲಿದಾಗ ಅವು ರಕ್ಷಣೆಯ ಕೆಲಸಕ್ಕೆ ಓಡುತ್ತವೆ. ಬಿಡುಗಡೆಯಾದ ಕಾವಲುಗಾರರು ಮೂವರು ಮೂವರಾಗಿ ಕೂಡಿ ಜೀನಿನ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಹಾಳೆ ಬಿಚ್ಚಿಕೊಳ್ಳುತ್ತದೆ, ನಕಲುಗಳು ಹೊರಡುತ್ತವೆ. ಸಾಕಷ್ಟು ಶಾಖಾಘಾತ ಪ್ರೋಟೀನು ಸಿದ್ಧವಾಗಿ ಬಿಸಿಯೂ ಇಳಿದ ಮೇಲೆ, ಅವು ಕಾವಲಿನ ಪ್ರೋಟೀನನ್ನು ಮತ್ತೆ ಹಿಡಿದಿಡುತ್ತವೆ. ಹಾಳೆ ಮುಚ್ಚಿಕೊಳ್ಳುತ್ತದೆ. ಕೋಶಕ್ಕೆ ಯಾರೂ ಹೊರಗಿನಿಂದ ಅಪ್ಪಣೆ ಕೊಡಬೇಕಾಗಿಲ್ಲ.

ಆದರೆ ತುರ್ತಿನ ಹಾಳೆ ತೆರೆದಾಗ ಉಳಿದ ಹಲವು ಹಾಳೆಗಳು ಮುಚ್ಚಬೇಕಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಯಾರೂ ಹಿಟ್ಟು ಬೀಸುತ್ತ ಕೂರುವುದಿಲ್ಲ. ತಂಪಿನಲ್ಲಿ ಸಾಕಿದ ಕೋಳಿಗಳನ್ನೂ ಬಿಸಿಯಲ್ಲಿ ಸಾಕಿದ ಕೋಳಿಗಳನ್ನೂ ಹೋಲಿಸಿ, ಅವುಗಳ ಯಕೃತ್ತು, ಸ್ನಾಯು, ಕರುಳುಗಳಲ್ಲಿ ಯಾವ ಜೀನಿನ ನಕಲುಗಳು ಎಷ್ಟಿವೆ ಎಂದು ವಿಜ್ಞಾನಿಗಳು ಎಣಿಸಿದ್ದಾರೆ. ರಕ್ಷಣೆಯ ನಕಲುಗಳು ಏರುತ್ತವೆ. ಸ್ನಾಯುವನ್ನು ಬೆಳೆಸುವ ಕೆಲಸ ಹಿಂದೆ ಬೀಳುತ್ತದೆ. ಕರುಳಿನ ಒಳಪದರ ದುರ್ಬಲವಾಗುತ್ತದೆ. ರೋಗವನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ. ಬೇಸಗೆಯ ಕೋಳಿಯ ತೂಕ ಏರದಿರುವುದು ಮೇವು ಕಡಿಮೆ ತಿಂದದ್ದರಿಂದ ಮಾತ್ರವೇ ಆದುದಲ್ಲ. ತಿಂದದ್ದರಲ್ಲಿಯೂ ಒಂದು ಪಾಲು ಬದುಕುಳಿಯುವ ಹೋರಾಟಕ್ಕೆ ಹೋಗಿರುತ್ತದೆ. ಆದುದರಿಂದ ಶಾಖಾಘಾತ ಪ್ರೋಟೀನು ಹೆಚ್ಚಿದೆ ಎಂದರೆ ಕೋಳಿ ಸುಖವಾಗಿದೆ ಎಂದು ತಿಳಿಯಬಾರದು. ಅದು ಸಂಕಟದ ಗುರುತು, ಜೊತೆಗೆ ಸಂಕಟವನ್ನು ಎದುರಿಸುತ್ತಿರುವುದರ ಗುರುತು.

ಇಲ್ಲಿ ಮನುಷ್ಯನ ಪಾಲೂ ಇದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957ರ ಮಾಂಸದ ಕೋಳಿಯ ತಳಿಯನ್ನೂ 2005ರ ತಳಿಯನ್ನೂ ಒಂದೇ ಮೇವಿನಲ್ಲಿ ಸಾಕಿ ನೋಡಿದರು. 56 ದಿನಗಳಾದಾಗ ಹಳೆಯ ತಳಿಯ ತೂಕ 905 ಗ್ರಾಂ. ಹೊಸ ತಳಿಯದು 4,202 ಗ್ರಾಂ. ಅರ್ಧ ಶತಮಾನದಲ್ಲಿ ತೂಕ ನಾಲ್ಕು ಪಟ್ಟಿಗೂ ಮಿಗಿಲಾಯಿತು. ಬೇಗ ಬೆಳೆಯುವ ಒಡಲು ಬೇಗ ಉರಿಯುವ ಒಲೆಯೂ ಹೌದು. ಅದರೊಳಗೆ ಹುಟ್ಟುವ ಶಾಖ ಹೆಚ್ಚು. ಹೊರಹಾಕುವ ದಾರಿ ಮಾತ್ರ ಹಿಂದಿನಷ್ಟೇ. ಹೊಂಗೆಯ ಮರದಡಿಯ ನಾಟಿ ಕೋಳಿ ನಿಧಾನವಾಗಿ ಬೆಳೆಯುತ್ತದೆ. ಅದಕ್ಕೇ ಅದು ತಾಳುತ್ತದೆ. ಇದೇ ಮಾತನ್ನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರ ತನ್ನ ಅನುಭವದಿಂದ ಬಲ್ಲ. ದ್ವಿತಳಿಯ ಬಿಳಿ ಗೂಡಿನ ಎಳೆ ಸಾವಿರ ಮೀಟರಿನವರೆಗೂ ಬರುತ್ತದೆ. ಮೈಸೂರು ತಳಿಯ ಗೂಡಿನ ಎಳೆ ಅದರ ಅರ್ಧವನ್ನೂ ಮುಟ್ಟದು. ಆದರೆ ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಬಿಸಿಗಾಳಿ ಬಡಿದರೆ ಮೊದಲು ಸೊರಗುವುದು ದ್ವಿತಳಿ. ಹೆಚ್ಚು ಕೊಡುವುದೂ ಹೆಚ್ಚು ತಾಳುವುದೂ ಒಂದೇ ಒಡಲಿನಲ್ಲಿ ಕೂಡುವುದು ಅಪರೂಪ.

ಅಪರೂಪವಾದರೂ ಅದನ್ನು ಸಾಧಿಸುವ ಯತ್ನ ನಿಂತಿಲ್ಲ. ಕೆಲವು ಕೋಳಿಗಳ ಕತ್ತು ಹುಟ್ಟಿನಿಂದಲೇ ಬೋಳಾಗಿರುತ್ತದೆ. ಈ ಗುಣಕ್ಕೆ ಕಾರಣವಾದ ಜೀನಿನ ಬದಲಾವಣೆಯನ್ನು 2011ರಲ್ಲಿ ಗುರುತಿಸಿದರು. ಅದರಿಂದ ಪುಕ್ಕವನ್ನು ತಡೆಯುವ ಒಂದು ಪ್ರೋಟೀನು ಚರ್ಮದಲ್ಲಿ ಹೆಚ್ಚಾಗಿ ತಯಾರಾಗುತ್ತದೆ. ಪುಕ್ಕ ಕಡಿಮೆಯಾದಷ್ಟೂ ಶಾಖ ಸುಲಭವಾಗಿ ಹೊರಹೋಗುತ್ತದೆ. ಊರಿನಲ್ಲಿ ಕುರೂಪವೆನಿಸಿದ್ದೇ ಬಿಸಿಲಿನಲ್ಲಿ ವರವಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ತಜ್ಞರು 1980ರ ದಶಕದ ಕೊನೆಗೆ ರೂಪಿಸಿದ ‘ಗಿರಿರಾಜ’ ತಳಿ, ಹಿತ್ತಿಲಿನಲ್ಲಿ ಸಾಮಾನ್ಯ ಮೇವಿನಿಂದಲೇ ಬೆಳೆದು ನಾಟಿ ಕೋಳಿಗಿಂತ ಹೆಚ್ಚು ತೂಕವನ್ನೂ ಮೊಟ್ಟೆಯನ್ನೂ ಕೊಟ್ಟಿತು. ಇಸ್ರೇಲಿನ ವಿಜ್ಞಾನಿಗಳು ಇನ್ನೊಂದು ಬಗೆಯ ದಾರಿ ಹಿಡಿದರು. ಮೂರರಿಂದ ಐದು ದಿನಗಳ ಮರಿಗಳನ್ನು ಒಂದು ಹಗಲು ರಾತ್ರಿ 36ರಿಂದ 38 ಡಿಗ್ರಿಯ ಬಿಸಿಯಲ್ಲಿ ಇರಿಸಿದರೆ, ಆರು ವಾರಗಳ ಮೇಲೆ ಬಂದ ಬಿಸಿಲನ್ನು ಅವು ಹೆಚ್ಚು ತಾಳುತ್ತವೆ. ಆ ಎಳವೆಯಲ್ಲಿ ಮಿದುಳಿನ ಉಷ್ಣತೆಯ ಕೇಂದ್ರ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಜೀನಿನ ಬರಹ ಅಳಿಯದೆ, ತಿದ್ದದೆ, ಅದರ ಮೇಲೆ ಒಂದು ಗುರುತು ಮಾತ್ರ ಬೀಳುತ್ತದೆ. ಶಾನುಭೋಗರು ಮುಖ್ಯವಾದ ಹಾಳೆಯ ಅಂಚಿಗೆ ಗುರುತಿನ ಚೀಟಿ ಸಿಕ್ಕಿಸಿಟ್ಟಂತೆ. ಮರಿ ಪಟ್ಟ ಒಂದು ದಿನದ ಅಳತೆಯ ಕಷ್ಟ, ದೊಡ್ಡದಾದ ಮೇಲೆ ಅದರ ಪ್ರಾಣವನ್ನು ಉಳಿಸುತ್ತದೆ. ಆದರೆ ಅಳತೆ ತಪ್ಪಿದರೆ ಮರಿ ಸಾಯುತ್ತದೆ.

ತಳಿಯನ್ನು ಬದಲಿಸುವುದು ಎಲ್ಲ ರೈತರ ಕೈಯಲ್ಲಿ ಇಲ್ಲ. ಹಲವರು ಕಂಪನಿಯಿಂದ ಮರಿಯನ್ನೂ ಮೇವನ್ನೂ ಪಡೆದು, ಬೆಳೆಸಿಕೊಟ್ಟು, ತೂಕಕ್ಕೆ ತಕ್ಕ ಕೂಲಿ ಪಡೆಯುವವರು. ಅವರ ಕೈಯಲ್ಲಿರುವುದು ಕೋಳಿಯ ಮನೆ, ನೀರು ಮತ್ತು ಹೊತ್ತಿನ ಲೆಕ್ಕ. ಮನೆಯ ಉದ್ದ ಪೂರ್ವ ಪಶ್ಚಿಮವಾಗಿದ್ದರೆ ಬಿಸಿಲು ಒಳಗೆ ನುಗ್ಗುವುದಿಲ್ಲ. ಮಾಡಿಗೆ ಸುಣ್ಣ ಬಳಿದು ತೆಂಗಿನ ಗರಿ ಹೊದಿಸಿದರೆ ತಗಡು ಅಷ್ಟು ಕಾಯುವುದಿಲ್ಲ. ತಿಂದ ಮೇವು ಅರಗುವಾಗ ಒಡಲಿನಲ್ಲಿ ಶಾಖ ಹುಟ್ಟುತ್ತದೆ. ಆದುದರಿಂದ ನಡುಹಗಲಿನಲ್ಲಿ ಮೇವು ಹಿಡಿದಿಟ್ಟು ಸೂರ್ಯೋದಯಕ್ಕೆ ಮೊದಲೂ ಸಂಜೆಯ ತಂಪಿನಲ್ಲೂ ಹಾಕುವುದು ಲೇಸು. ಗಾಳಿ ಬರುವ ಬದಿಗೆ ಒದ್ದೆ ಗೋಣಿಚೀಲ ತೂಗುಬಿಟ್ಟರೆ ಈ ನಾಡಿನ ಒಣಗಾಳಿಯಲ್ಲಿ ತಂಪು ಬೇಗ ಹುಟ್ಟುತ್ತದೆ. ಆದರೆ ಮೇ ತಿಂಗಳಲ್ಲಿ ಮಳೆ ಕವಿದು ಗಾಳಿ ನಿಂತ ಸಂಜೆ ಇದೇ ಉಪಾಯ ಕೆಲಸಕ್ಕೆ ಬಾರದು. ಗಾಳಿಯಲ್ಲಿ ತೇವ ತುಂಬಿರುವಾಗ ನೀರು ಆವಿಯಾಗದು. ಕೋಳಿಯ ಏದುಸಿರೂ ವ್ಯರ್ಥವಾಗುತ್ತದೆ. ಮಳೆಗಾಲದ ಹೊಸ್ತಿಲಿನ ಅಂಥ ಸಂಜೆಯಲ್ಲಿ ಬೇಕಾದುದು ಬೀಸುವ ಗಾಳಿ. ಅನುಭವವಿಲ್ಲದವರು ಆಗ ಇನ್ನಷ್ಟು ನೀರು ಚಿಮುಕಿಸಿ ಕೋಳಿಗಳನ್ನು ಕಳೆದುಕೊಳ್ಳುತ್ತಾರೆ.

ಹೊತ್ತು ಮುಳುಗಿದ ಮೇಲೆ ಈ ಬಯಲುಸೀಮೆಯ ಗಾಳಿ ತಂಪಾಗುತ್ತದೆ. ಅದು ಈ ನಾಡಿನ ಭಾಗ್ಯ. ಗೌರಿಬಿದನೂರಿನ ಆ ಕೋಳಿ ಮನೆಯಲ್ಲಿ ಮನೆಯೊಡತಿ ಬಿಸಿಯಾದ ನೀರನ್ನು ಚೆಲ್ಲಿ ತಂಪು ನೀರು ತುಂಬುತ್ತಾಳೆ. ಒಡೆಯ ಬದಿಯ ಪರದೆಗಳನ್ನು ಪೂರ್ತಿ ಮೇಲೆತ್ತುತ್ತಾನೆ. ಒಂದೊಂದೇ ಕೋಳಿ ರೆಕ್ಕೆ ಮಡಿಸಿ, ಕೊಕ್ಕು ಮುಚ್ಚಿ, ಎದ್ದು ನಿಲ್ಲುತ್ತದೆ. ಅವುಗಳ ಕೋಶಕೋಶಗಳಲ್ಲಿ ತುರ್ತಿನ ಹಾಳೆಗಳು ಮುಚ್ಚಿಕೊಂಡು, ಬೆಳವಣಿಗೆಯ ಹಾಳೆಗಳು ಮತ್ತೆ ತೆರೆಯುತ್ತಿರುತ್ತವೆ. ಹುಟ್ಟಿನಿಂದ ಬಂದ ಬರಹ ಕೋಳಿಯದು. ಆದರೆ ಅದರಲ್ಲಿ ಯಾವ ಹಾಳೆ ಎಷ್ಟು ಹೊತ್ತು ತೆರೆದಿರಬೇಕೆಂಬುದು ಬಹುಮಟ್ಟಿಗೆ ಅದನ್ನು ಸಾಕುವವರ ಕೈಯಲ್ಲಿದೆ. ನೀರು ಬದಲಿಸುವ ಆ ಹೆಂಗಸು ಜೀನು ಎಂಬ ಮಾತನ್ನು ಕೇಳಿಲ್ಲದಿರಬಹುದು. ಅವಳ ಕೈ ಆ ಕೆಲಸವನ್ನು ಅರಿತಿದೆ.

ಪದಗಳ ಅರ್ಥ

ಒಡಲು – ದೇಹ, ಶರೀರ
ಏದುಸಿರು – ಆಯಾಸದಿಂದ ಬರುವ ಬಿರುಸಾದ ಉಸಿರು
ಯಕೃತ್ತು – ಪಿತ್ತಜನಕಾಂಗ
ದಫ್ತರ – ಕಾಗದಪತ್ರಗಳ ಕಟ್ಟು
ಭ್ರೂಣ – ಹುಟ್ಟುವ ಮೊದಲಿನ ಶಿಶು
ಜ್ವರ – (ಇಲ್ಲಿ) ರೇಷ್ಮೆ ಹುಳು ಪೊರೆ ಬಿಡುವ ಅವಸ್ಥೆ
ಎಳವೆ – ಚಿಕ್ಕ ವಯಸ್ಸು

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿ.
1. ಕೋಳಿಯ ದೇಹದ ಉಷ್ಣತೆ ಎಷ್ಟು?
2. ಬೇಸಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗಲು ಕಾರಣವೇನು?
3. ರಿಟೋಸ್ಸಾ ಅವರು ವರ್ಣತಂತುಗಳ ಮೇಲೆ ಏನನ್ನು ಕಂಡರು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿ.
1. ಜೀನಿನ ಅಭಿವ್ಯಕ್ತಿಯನ್ನು ಲೇಖಕರು ಶಾನುಭೋಗರ ದಫ್ತರದ ಹೋಲಿಕೆಯಿಂದ ಹೇಗೆ ವಿವರಿಸಿದ್ದಾರೆ?
2. ಶಾಖಾಘಾತ ಪ್ರೋಟೀನುಗಳ ಕೆಲಸವೇನು?
3. ‘ಹೆಚ್ಚು ಕೊಡುವುದೂ ಹೆಚ್ಚು ತಾಳುವುದೂ ಒಂದೇ ಒಡಲಿನಲ್ಲಿ ಕೂಡುವುದು ಅಪರೂಪ’ – ಈ ಮಾತನ್ನು ಕೋಳಿ ಮತ್ತು ರೇಷ್ಮೆ ಹುಳುಗಳ ನಿದರ್ಶನದಿಂದ ಸಮರ್ಥಿಸಿ.

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ಬೆವರಿಲ್ಲ, ಸೂರ್ಯೋದಯ, ಮಳೆಗಾಲ

ಈ. ನಿಮ್ಮ ಊರಿನ ಹತ್ತಿರದ ಒಂದು ಕೋಳಿ ಮನೆಗೆ ಅಥವಾ ಹುಳು ಸಾಕಣೆಯ ಮನೆಗೆ ಹೋಗಿ, ಬೇಸಗೆಯಲ್ಲಿ ಅವರು ಅನುಸರಿಸುವ ಕ್ರಮಗಳನ್ನು ಕೇಳಿ ತಿಳಿದು ಒಂದು ಪುಟ ಬರೆಯಿರಿ.